ಗೌರಿಯ ಕಲಾವಿಮರ್ಶೆ

ಸಾಗರದ ಕಡೆಯ ನಮ್ಮೂರಲ್ಲಿ ಭೂಮಿ ಹುಣ್ಣಿಮೆ ಬಂತೆಂದರೆ ಹೆಂಗಸರೆಲ್ಲ ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯಲು ಕೂರುತ್ತಾರೆ. ನಾನೂ ಕಲಾವಿದನೆಂಬ ಜಂಬದಲ್ಲಿ ಜಗಲಿಯ ಗೋಡೆಗೆ ಹಸೆ ಚಿತ್ತಾರ ಶುರುಮಾಡಿದೆ. ಪುಂಡಿನಾರಿನ ಕುಂಚ, ಅರೆದ ಅಕ್ಕಿಯ ಬಿಳಿ, ಕರಕಲಾಗಿ ಹುರಿದ ಅಕ್ಕಿಯ ಕಪ್ಪು, ಎಲ್ಲ ಶಾಸ್ತ್ರೋಕ್ತ! ಮೂರು ದಿನ ಸೊಂಟ ಮುರಿದುಕೊಂಡು ಗೆರೆ ಎಳೆದೆ. ನಾಲ್ಕನೆಯ ಬೆಳಗ್ಗೆ ನೋಡಿದರೆ ಹಗ್ಗ ಬಿಚ್ಚಿಕೊಂಡ ನಮ್ಮ ಹಸು ಗೌರಿ, ಚಿತ್ತಾರದ ಮದುಮಗನನ್ನು ಮುಗಿಸಿ ಮದುಮಗಳ ಸೊಂಟದವರೆಗೆ ನೆಕ್ಕಿದ್ದಳು. ನನಗೆ ಕಲೆ, ಅವಳಿಗೆ ಕಲಗಚ್ಚು! ಅಂಗಳದ ಕೋಳಿಯೋ ಕೆಮ್ಮಣ್ಣು ಮೆಟ್ಟಿ ಜಗಲಿ ತುಂಬ ಹೆಜ್ಜೆ ಬರೆದಿತ್ತು. ಪಕ್ಕದ ಮನೆಯ ಅಕ್ಕ ಬಂದು ಕೋಳಿಯ ಕೆಲಸವನ್ನೇ ನೋಡಿ, “ಈ ಸಾಲು ಚಂದ ಬಂದಿದೆ ಕಣೋ ತಮ್ಮಾ!” ಎಂದರು. ನಾನು ವಿನಯದಿಂದ ತಲೆ ಬಾಗಿಸಿದೆ. ಗೌರಿ ಮಾತ್ರ ಉಳಿದ ಮದುಮಗಳನ್ನೇ ನೋಡುತ್ತಿದ್ದಳು.