ರಾಡು ಯಾರ ಖರ್ಚು?
ನವನಗರದ ಬಾಡಿಗೆ ಮನೆಯ ಗೀಸರ್ ಜೊತೆ ಒಂದು ಕಾಲ್ಪನಿಕ ಸಂದರ್ಶನ

ಬಾಗಲಕೋಟೆಯ ನವನಗರವಿರಲಿ, ಹುನಗುಂದ, ಇಳಕಲ್ಲಿನ ಬಾಡಿಗೆ ಮನೆಗಳಿರಲಿ, ಗೀಸರ್ ಸೋರಿದಾಗ ಮೊದಲು ಬೈಸಿಕೊಳ್ಳುವುದು ನೀರು. ‘ನಮ್ಮ ಕಡೆ ನೀರ ಹಂಗ್ರೀ’ ಎನ್ನುತ್ತಾರೆ ಮಾಲಕರು. ಆಮೇಲೆ ಬಾಡಿಗೆದಾರರ ಡಿಪಾಜಿಟ್‌ನಲ್ಲಿ ಮುರಿದುಕೊಳ್ಳುತ್ತಾರೆ. ತಪ್ಪು ನೀರಿನದಾದರೆ ದಂಡ ಬಾಡಿಗೆದಾರನಿಗೇಕೆ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ್ದು ತೂತು ಬಿದ್ದವರನ್ನೇ ಎಂದು, ಗೋಡೆಯಿಂದ ಇಳಿಸಿ ಗುಜರಿಗೆ ಸಾಗಿಸಲಿದ್ದ 15 ಲೀಟರಿನ ಗೀಸರೊಂದನ್ನು ಮಾತಿಗೆಳೆಯಲಾಯಿತು.

ಪ್ರಶ್ನೆ: ನಿಮ್ಮನ್ನು ಕೊಂದದ್ದು ಬೋರಿನ ನೀರೇ ಅಲ್ಲವೆ?

ಗೀಸರ್: ನೀರಿಂದು ತಪ್ಪ ಇಲ್ಲ ಅಂತ ನಾ ಹೇಳೂದಿಲ್ರೀ. ಬಾಗಲಕೋಟಿ, ಲೋಕಾಪುರದ ನೆಲದಾಗ ಸುಣ್ಣದಕಲ್ಲ ಐತಿ, ಸಿಮೆಂಟ್ ಕಾರ್ಖಾನಿ ಬಂದದ್ದ ಅದರ ಸಲವಾಗಿ. ಆ ಕಲ್ಲಿನ ಸಂದಿಯಿಂದ ಬಂದ ನೀರು ಕಾದ ಕೂಡಲೇ ಸುಣ್ಣ ಬಿಟ್ಟು ಕಾಯಿಲ್‌ಗೆ ಮೆತ್ತತೈತಿ. ಕುಡಿಯೂ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ, ಬ್ಯಾರೆ ನೀರ ಸಿಗದಿದ್ರ 600ರ ತನಕ ನಡೀಲಿ ಅಂತ ಭಾರತೀಯ ಮಾನಕ ಹೇಳತೈತಿ. ಆದ್ರ ಸುಣ್ಣದ ಪೊರೆ ಬ್ಯಾರೆ, ಜಂಗ ಬ್ಯಾರೆ. ಪೊರೆಯಿಂದ ಕಾಯಿಲ್ ಸುಡತೈತಿ, ಕರೆಂಟ್ ಬಿಲ್ಲ ಏರತೈತಿ. ತೂತ ಬೀಳೂದು ಉಕ್ಕಿನ ಟಾಕಿಗೆ ಜಂಗ ಹತ್ತಿದಾಗ. ಟಾಕಿ ಒಳಗ ಗಾಜಿನ ಲೇಪ ಇರತೈತಿ, ಅದರಾಗ ಕಣ್ಣಿಗೆ ಕಾಣದ ಸೀಳು ಇದ್ದ ಇರತಾವು. ಆ ಸೀಳು ಕಾಯಾಕ ಕಂಪನಿಯವ್ರು ಒಂದು ಮ್ಯಾಗ್ನೀಷಿಯಂ ರಾಡ ಇಟ್ಟಿರತಾರ. ಉಪ್ಪ ಕರಗಿದ ನೀರು ಉಕ್ಕ ಬಿಟ್ಟು ಮೊದಲ ಅದನ್ನ ತಿಂತೈತಿ. 1824ರಾಗ ಹಂಫ್ರಿ ಡೇವಿ ಅನ್ನೂ ವಿಜ್ಞಾನಿ ಬ್ರಿಟಿಷ್ ಹಡಗಿನ ತಾಮ್ರದ ತಗಡ ಉಳಸಾಕ ಸತು, ಕಬ್ಬಿಣದ ತುಂಡ ಜೋಡಿಸಿದ್ದು ಇದ ಲೆಕ್ಕದ ಮ್ಯಾಲೆ. ಹೊಸದಿದ್ದಾಗ ಬೆರಳ ದಪ್ಪದ ರಾಡು. ನನ್ನದನ್ನ ಈಗ ನೋಡ್ರಿ, ಬಿಳಿ ಹಿಟ್ಟ ಮೆತ್ತಿದ ಬರೇ ತಂತಿ. ತಂತಿ ಕಂಡಿತು ಅಂದ್ರ ಮುಂದಿನ ಪಾಳಿ ಟಾಕೀದು.

ಪ್ರಶ್ನೆ: ಸಾಫ್ಟನರ್ ಹಾಕಿಸಿದರೆ ಮುಗಿಯಿತಲ್ಲ? ಅಲ್ಲದೆ ಇಲ್ಲಿನ ಬೇಸಿಗೆಯಲ್ಲಿ ನಿಮಗೆ ತಿಂಗಳುಗಟ್ಟಲೆ ರಜೆ.

ಗೀಸರ್: ಸಾಫ್ಟನರಿನಿಂದ ಸುಣ್ಣ ಹೋಗತೈತಿ, ಅದರ ಜಾಗಕ್ಕ ಸೋಡಿಯಂ ಬರತೈತಿ. ಕರೆಂಟ್ ಹರಿಯೂ ಗುಣ ಹಂಗ ಉಳೀತೈತಿ, ರಾಡು ಇನ್ನೂ ಲಗೂ ಕರಗಬಹುದು. ಹಾಕಸಬ್ಯಾಡ್ರಿ ಅನ್ನೂದಿಲ್ಲ, ಹಾಕಸಿದ್ರ ರಾಡ ಹೆಚ್ಚು ಸರ್ತಿ ನೋಡ್ರಿ. ಇನ್ನ ರಜಾ! ಸ್ವಿಚ್ ಆರಿಸಿದ್ರ ರಜಾ ಸಿಗೂದು ಕಾಯಿಲ್‌ಗೆ. ಟಾಕಿ ತುಂಬ ನೀರ ನಿಂತ ಇರತೈತಿ, ನಿಧಾನ ಆದ್ರೂ ರಾಡು ಸವೀತನ ಇರತೈತಿ. ನಾ ಮುಳುಗಡೆ ನಗರಿಯಾಂವ, ಒಳಗ ವರ್ಷಪೂರ್ತಿ ಮುಳುಗಡೆ, ಪರಿಹಾರ ಮಾತ್ರ ಇಲ್ಲ. ಬಾಡಿಗೆಗೆ ಬಂದವ್ರದೂ ಒಂದ ತಪ್ಪ ಐತಿ: 75 ಡಿಗ್ರಿಗೆ ಕಾಯಿಸಿ ಆಮ್ಯಾಲೆ ತಣ್ಣೀರ ಬೆರಸತಾರ. 60ರ ಸುತ್ತ ಇಟ್ಟರ ಸುಣ್ಣಾನೂ ಕಡಿಮಿ, ಜಂಗೂ ಕಡಿಮಿ.

ಪ್ರಶ್ನೆ: ಬಳಸುವವನೇ ಖರ್ಚು ಕೊಡಲಿ ಎಂಬುದು ಮಾಲಕರ ವಾದ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯ ಎರಡನೇ ಅನುಸೂಚಿಯೂ ಗೀಸರ್ ದುರಸ್ತಿಯನ್ನು ಬಾಡಿಗೆದಾರನ ಪಾಲಿಗೇ ಹಾಕಿದೆಯಲ್ಲ?

ಗೀಸರ್: ಅದು ಮಾದರೀರೀ, ರಾಜ್ಯ ಒಪ್ಪಿ ಕಾಯ್ದೆ ಮಾಡಿದ್ರ ಅಷ್ಟ ನಡೀತೈತಿ. ಕರಾರಿನಾಗ ಬ್ಯಾರೆ ಬರಕೊಳ್ಳಾಕೂ ಅದರಾಗ ಅವಕಾಶ ಐತಿ. ನಳದ ವಾಷರ್ ಹೋದ್ರ ಇದ್ದವ್ರು ಹಾಕಸಲಿ, ನ್ಯಾಯ. ಆದ್ರ ನಿಮ್ಮ ಅಗ್ರಿಮೆಂಟ್ ಎಷ್ಟ ದಿನದ್ದು? 11 ತಿಂಗಳಿಂದು. ವರ್ಷ ದಾಟಿದ್ರ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಸಬೇಕಲ್ಲ! ರಾಡಿನ ಆಯುಷ್ಯ ಅದಕ್ಕಿಂತ ಹೆಚ್ಚು. ಮೊದಲ ಬಂದಾಂವ ಅರ್ಧ ಸವಸತಾನ, ಎರಡನೇದಾಂವ ಮುಗಸತಾನ, ಮೂರನೇದಾಂವನ ಕಾಲಕ್ಕ ತೂತ. ದಂಡ ಮೂರನೇದಾಂವಗ. ಇಳಕಲ್ ಸೀರಿಯಾಗ ಒಡಲಿನ ಎಳಿಗೂ ಸೆರಗಿನ ಎಳಿಗೂ ಕೊಂಡಿ ಹಾಕಿ ಜೋಡಸತಾರ. ಒಬ್ಬಾಂವ ಹೋಗಿ ಇನ್ನೊಬ್ಬಾಂವ ಬರೂ ಸಂದಿಯೊಳಗ ಅಂಥ ಕೊಂಡಿ ಹಾಕೂದು ಮಾಲಕರು ಒಬ್ಬರ ಕೈಯಾಗ ಐತಿ.

ಗೀಸರಿನ ವಾದ ಗಟ್ಟಿಯಾಗಿದೆ. ಟಾಕಿ ಹೆಚ್ಚು ವರ್ಷ ಬಾಳಿದರೆ ಲಾಭ ಮಾಲಕರಿಗೆ. ಬಾಡಿಗೆದಾರ ಹೊಸ ರಾಡು ಹಾಕಿಸಿದರೂ ಅದನ್ನು ಬಿಚ್ಚಿಕೊಂಡು ಹೋಗಲಾರ. ಖರ್ಚು ಒಬ್ಬರದು, ಫಲ ಇನ್ನೊಬ್ಬರದು ಆದಲ್ಲಿ ಕೆಲಸ ಆಗುವುದಿಲ್ಲ. ಜಂಗು ಹಿಡಿಯಲು ನೀರಿಗಿಂತ ದೊಡ್ಡ ಕಾರಣ ಇದು. ‘ಹತ್ತು ಮನೆ ಇವೆ, ಪ್ರತಿ ರಾಡನ್ನೂ ನೋಡುತ್ತ ಕೂರಲೆ?’ ಎಂಬ ಮಾಲಕರ ತಕರಾರಿಗೂ ಉತ್ತರವಿದೆ. ರಾಡು ಕೆಲವು ನೂರು ರೂಪಾಯಿಯದು, ಹೊಸ ಗೀಸರ್ ಕೆಲವು ಸಾವಿರದ್ದು. ಕಾಯುವ ಕೆಲಸ ಬಾಡಿಗೆದಾರನದೇ ಇರಲಿ: ತಣ್ಣೀರಿನ ನಳ ತಿಳಿಯಾಗಿದ್ದು ಬಿಸಿನೀರಿನದು ಮಾತ್ರ ಕೆಂಪಗೆ ಬಂದರೆ ಅಂದೇ ಫೋನ್ ಮಾಡಲಿ. ಮನೆ ಖಾಲಿಯಾದಾಗ ಹೇಗೂ ಸುಣ್ಣ ಬಳಿಸುತ್ತೀರಿ, ಮಾಲಕರೇ. ಅದೇ ದಿನ ಪ್ಲಂಬರನ್ನು ಕರೆಸಿ, ಕರೆಂಟ್ ಬಂದ್ ಮಾಡಿಸಿ, ರಾಡು ತೆಗೆಸಿ ನೋಡಿರಿ. ನೋಡಿದ ತಾರೀಖನ್ನು ಹೊಸ ಅಗ್ರಿಮೆಂಟಿನಲ್ಲಿ ಡಿಪಾಜಿಟ್ ಮೊತ್ತದ ಕೆಳಗೇ ಬರೆಯಿರಿ.