ಕಾಣದ ಅಂಗಿ

ಸೇಡಂನ ಅಂಗಡಿ. ಹೊಸ ಕಾರಿನ ಧಣಿ, ಕಾರಿನ ಬಣ್ಣ ಕಾಯುವ ಪಾರದರ್ಶಕ ಫಿಲ್ಮ್ ಹಚ್ಚುವ ಹುಡುಗ.

"ಇದು ಹಚ್ಚಿದ್ರ ಸಿಮೆಂಟ್ ಧೂಳ ಕೂಡೂದಿಲ್ಲೇನಪಾ?"

"ಕೂಡ್ತದ್ರಿ ಕಾಕಾ. ವಾಡಿ ದಾಟೂದ್ರಾಗ ಕೂಡ್ತದ. ಒಣ ಅರಿವಿಲೆ ಒರಸಬ್ಯಾಡ್ರಿ, ಮೊದಲ ನೀರ ಹೊಡೀರಿ. ಇಬ್ಬನಿ ಬಿದ್ದು ಬಿಗೀತಂದ್ರ ಪ್ಲಾಸ್ಟರೇ!"

"ಮತ್ತ ಫಾಯದಾ?"

"ಶಹಾಬಾದ್ ಪರಸಿ ಲಾರಿ ಹಿಂದ ಹಾರೋ ಖಡಿ ಬಣ್ಣಕ್ಕ ತಾಗೂದಿಲ್ರಿ. ಸಣ್ಣ ಗೀರು ಬಿಸಿಲಿಗೆ ತಾನೇ ಮಾಯ."

"ಬಿಸಿಲಂತೂ ನಮ್ಮಲ್ಲಿ ಫುಕಟ್! ರೇಟು?"

ಹುಡುಗ ಹೇಳಿದ. ಧಣಿ ಬಾನೆಟ್ ಹಿಡಕೊಂಡ.

"ಚಿಂಚೋಳಿ ಹೊಲದ ತೊಗರಿ ಮಾರಿದ್ರೂ ಸಾಲೂದಿಲ್ಲಲೇ!"

"ಬರೇ ಬಾನೆಟ್, ಮುಂದಿನ ಬಂಪರ್‌ಗೆ ಹಚ್ಚಸ್ರಿ. ಖಡಿ ಬಡಿಯೂದು ಅಲ್ಲೇ."

"ಚಿತ್ತಾಪುರದ ಬೀಗರಿಗೆ ಕಾಣ್ತದಿಲ್ಲೋ?"

"ಕಾಣಬಾರದ್ರಿ! ಕಂಡ್ರ ಹಚ್ಚಿದ್ದು ಕೆಟ್ಟದ ಅಂತ ಅರ್ಥ."

"ಹಂಗಾದ್ರ ಬಿಲ್ಲು ಮುಂದಿನ ಗಾಜಿಗೆ ಅಂಟಸು."

"ಆಯ್ತ್ರಿ. ಆದ್ರ ಹಚ್ಚಾಕ ಧೂಳಿಲ್ಲದ ಖೋಲಿ ಬೇಕು, ಅದು ನಮ್ಮಲ್ಲಿಲ್ರಿ. ಹೈದರಾಬಾದ್‌ಗೆ ಒಯ್ರಿ… ದಾರ್ಯಾಗ ಲಾರಿ ಹಿಂದ ಹೋಗಬ್ಯಾಡ್ರಿ."