ಅಗ್ಗದ ಕಂಪ್ರೆಸರ್: ಭಿವಂಡಿಯ ಬೇಸ್ ವಾದಕರಿಗೊಂದು ಕೈಪಿಡಿ

ಮೊದಲು ಭಿವಂಡಿಯ ಪೇಟೆಗೆ ಹೋಗಿ ಕಂಪ್ರೆಸರ್ ಕೇಳಿ. "ಫ್ರಿಜ್ ಕಾ ಯಾ ಹವಾ ಕಾ?" ಎಂಬ ಪ್ರಶ್ನೆ ಬರುತ್ತದೆ. ಬೇಸ್ ಗಿಟಾರಿನದು ಎಂದು ಬಾಯಿಬಿಡಬೇಡಿ. ಗಂಭೀರವಾಗಿ "ಹವಾ ಕಾ" ಎನ್ನಿ, ಪಂಕ್ಚರ್ ಅಂಗಡಿಯವರು ಇಟ್ಟುಕೊಳ್ಳುವ ಟ್ಯಾಂಕ್ ಸಮೇತದ ಕಂಪ್ರೆಸರಿನ ಬೆಲೆ ಕೇಳಿ, ಚೀಟಿಯಲ್ಲಿ ಬರೆದುಕೊಂಡು ಹೊರಬನ್ನಿ. ಅಂಗೈಯಗಲದ ಡಬ್ಬಿಗೆ ನಾಲ್ಕು ಸಾವಿರವೇ ಎಂದು ಮನೆಯಲ್ಲಿ ಕೇಳಿದ ದಿನ ಈ ಚೀಟಿ ತೆಗೆಯಿರಿ. ಎಷ್ಟು ಉಳಿಸಿದ್ದೀರಿ ಎಂಬುದು ಅಂಕಿಯಲ್ಲೇ ಇರುತ್ತದೆ.

ಆಮೇಲೆ ಕಾರಣ ಗಟ್ಟಿ ಮಾಡಿಕೊಳ್ಳಿ. ನಿಮ್ಮ ಬೆರಳು ಒಂದು ಸ್ವರವನ್ನು ಗುದ್ದಿ ಮುಂದಿನದನ್ನು ಸವರಿ ಬಿಡುತ್ತದೆ ಎಂಬುದು ನಿಮಗೂ ಗೊತ್ತು, ಡ್ರಮ್ ಬಾರಿಸುವವನಿಗೂ ಗೊತ್ತು. ದಿನಾ ಅರ್ಧ ಗಂಟೆ ಮೆಟ್ರೊನೋಮ್ ಇಟ್ಟುಕೊಂಡು ತಂತಿಯನ್ನು ಸಮನಾಗಿ ಮೀಟುತ್ತ ಕೂತರೆ ಕೆಲವು ತಿಂಗಳಲ್ಲಿ ಇದು ಸರಿಹೋಗುತ್ತದೆ, ಕಾಸೂ ಖರ್ಚಿಲ್ಲ. ಆ ದಾರಿ ಹಿಡಿಯಬೇಡಿ, ಗುದ್ದಿದ ಸ್ವರವನ್ನು ತಗ್ಗಿಸಿ ಎಲ್ಲವನ್ನೂ ಸಮ ಮಾಡುವ ಕಂಪ್ರೆಸರ್ ಪೆಡಲ್ ಕೊಳ್ಳಿ. ಸರಿಹೋದ ಬೆರಳನ್ನು ಬ್ಯಾಗಿನಿಂದ ತೆಗೆದು ಯಾರಿಗೂ ತೋರಿಸಲಾಗದು.

ಕಂಪ್ರೆಸರಿನ ತತ್ತ್ವ ತಿಳಿಯಲು ಪುಸ್ತಕ ಓದಬೇಡಿ. ಬೆಳಿಗ್ಗೆ ಎಂಟೂವರೆಗೆ ಡೊಂಬಿವಲಿಯಲ್ಲಿ ಸಿಎಸ್‌ಎಂಟಿ ಕಡೆಯ ಫಾಸ್ಟ್ ಲೋಕಲ್ ಹತ್ತಿ. ಬಾಗಿಲ ತನಕ ಎಲ್ಲರೂ ಸಲೀಸಾಗಿ ಬರುತ್ತಾರೆ. ಆ ಬಾಗಿಲೇ ಥ್ರೆಶೋಲ್ಡ್. ಅಲ್ಲಿಂದ ಮುಂದೆ ನಾಲ್ವರು ನುಗ್ಗಿದರೆ ಒಬ್ಬ ಒಳಗಾಗುತ್ತಾನೆ. ಇದು 4:1 ರೇಶಿಯೋ. ಗೆರೆ ದಾಟಿ 8 ಡೆಸಿಬೆಲ್ ಹಾರಿದ ಸ್ವರ ಆಚೆ ಬದಿಯಲ್ಲಿ 2 ಡೆಸಿಬೆಲ್ ಮಾತ್ರ ಮೇಲಿರುತ್ತದೆ. ಗಾಡಿ ನಿಂತ ಕ್ಷಣದಿಂದ ಮೊದಲ ಮೊಣಕೈ ನಿಮ್ಮ ಪಕ್ಕೆಗೆ ಬೀಳುವ ತನಕದ ಹೊತ್ತು ಅಟ್ಯಾಕ್. ಠಾಣೆಯಲ್ಲಿ ಒಂದಿಷ್ಟು ಜನ ಇಳಿದು ನಿಮ್ಮ ಎದೆ ಮತ್ತೆ ಅಗಲವಾಗುವ ತನಕದ್ದು ರಿಲೀಸ್. ಹೀಗೆ ಎಲ್ಲರನ್ನೂ ಅಮುಕಿ ಕುಗ್ಗಿಸಿದ ಮೇಲೆ ಇಡೀ ಡಬ್ಬಿಯನ್ನು ಮೇಲೆತ್ತುವ ಗುಂಡಿಗೆ ಮೇಕಪ್ ಗೇನ್ ಎನ್ನುತ್ತಾರೆ. ಆ ಸೌಲಭ್ಯ ಲೋಕಲ್ಲಿಗೆ ಇನ್ನೂ ಬಂದಿಲ್ಲ.

ಈಗ ಒಂದು ಗುಟ್ಟು. ಒಳ್ಳೆಯ ಕಂಪ್ರೆಸರ್ ಕೆಲಸ ಮಾಡಿದ್ದು ಯಾರಿಗೂ ಗೊತ್ತಾಗುವುದಿಲ್ಲ. 1960ರ ದಶಕದ ಎಲ್‌ಎ-2ಎ ಎಂಬ ಪೆಟ್ಟಿಗೆಯನ್ನು ಸ್ಟುಡಿಯೋದವರು ಇಂದಿಗೂ ದೇವರಂತೆ ಕಾಣುತ್ತಾರೆ. ಅದರೊಳಗೆ ಬೆಳಗುವ ಒಂದು ಫಲಕ, ಅದನ್ನೇ ನೋಡುತ್ತಿರುವ ಒಂದು ಕಣ್ಣು. ಸ್ವರ ಜೋರಾದರೆ ಬೆಳಕು ಹೆಚ್ಚುತ್ತದೆ, ಬೆಳಕು ಹೆಚ್ಚಿದರೆ ಸದ್ದು ತಗ್ಗುತ್ತದೆ. ಮುಖದ ಮೇಲೆ ದೊಡ್ಡ ಗುಂಡಿಗಳು ಎರಡೇ. 1967ರಲ್ಲಿ ಬಂದ 1176 ಇದಕ್ಕಿಂತ ಬಹಳ ಚುರುಕು. ಇಂಥವುಗಳಲ್ಲಿ ಹಾದುಬಂದ ಬೇಸನ್ನು ನೀವು ಜೀವಮಾನವಿಡೀ ಕೇಳಿದ್ದೀರಿ, ಒಮ್ಮೆಯೂ ಗಮನಿಸಿಲ್ಲ. ಬೇಸ್ ನುಡಿಸುವವನ ಪಾಡೇ ಅದು. ಮದುವೆ ಆಲ್ಬಮ್ಮಿನಲ್ಲಿ ಸಹ ಅವನ ಅರ್ಧ ಮುಖವನ್ನು ಗಾಯಕಿಯ ಸೆರಗು ಮುಚ್ಚಿರುತ್ತದೆ. ದುಡ್ಡು ಕೊಟ್ಟು ತಂದ ಪೆಟ್ಟಿಗೆಯೂ ಹಾಗೆಯೇ ಮರೆಯಲ್ಲಿ ಉಳಿದರೆ ಏನು ಬಂತು? ಕೊಟ್ಟ ಹಣ ಕಿವಿಗೆ ಬೀಳುವಂಥದ್ದನ್ನೇ ಕೊಳ್ಳಿ.

ಮುಂಬೈಯ ಧೋಬಿ ತಲಾವಿನ ಫರ್ಟಾಡೋಸ್‌ಗೆ ಹೋಗಬೇಡಿ. 1865ರಲ್ಲಿ ಶುರುವಾದ ವಾದ್ಯದ ಅಂಗಡಿ; ಹಚ್ಚಿ ನೋಡಿ ಎಂದುಬಿಟ್ಟಾರು. ನಿಮ್ಮದೇ ಬೇಸನ್ನು, ನಿಮ್ಮದೇ ಬೆರಳಿನಲ್ಲಿ, ನಾಲ್ಕು ಜನರ ಮುಂದೆ ಕೇಳಿಸಿಕೊಳ್ಳುವ ಅಪಾಯ ಏಕೆ? ಮನೆಯಲ್ಲೇ ಕೂತು ಫೋನಿನಲ್ಲಿ ತರಿಸಿ. ಮುಂಬೈಯ ಆಕ್ಟ್ರಾಯ್ ಸುಂಕದ ಗಡಿಯ ಹೊರಗಿದೆ ಎಂಬ ಕಾರಣಕ್ಕೆ ನಮ್ಮ ಊರಿನ ಸುತ್ತ ಎದ್ದ ಗೋದಾಮುಗಳು, 2017ರಲ್ಲಿ ಜಿಎಸ್‌ಟಿ ಬಂದು ಆಕ್ಟ್ರಾಯ್ ಹೋದರೂ ಕದಲಲಿಲ್ಲ, ಇನ್ನಷ್ಟು ಹಬ್ಬಿದವು. ನೀವು ಬಯಸಿದ ಪೆಡಲ್ ಈ ಗಳಿಗೆಯಲ್ಲಿ ಮಾನಕೋಲಿಯಲ್ಲೋ ದಾಪೋಡೆಯಲ್ಲೋ, ನೀವು ಚಹಾ ಕುಡಿದು ಬರುವಷ್ಟು ದೂರದಲ್ಲಿ ಮಲಗಿರಬಹುದು. ಬಂದು ಮುಟ್ಟಲು ನಾಲ್ಕು ದಿನ. ಆ ನಾಲ್ಕು ದಿನ ಬೇಸ್ ಮುಟ್ಟಬೇಡಿ. ಪೆಡಲ್ ಬಂದ ಮೇಲೆ ಒಟ್ಟಿಗೇ ಶುರು ಮಾಡುವ ಎನ್ನಿ.

ಆರಿಸುವಾಗ ಬೆಲೆಯನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ ಮೊದಲನೆಯದನ್ನು ಒತ್ತಿ. ಆರು ತಂತಿಯ ಗಿಟಾರಿಗೆಂದು ಹುಟ್ಟಿದ್ದಾದರೆ ಇನ್ನೂ ಒಳ್ಳೆಯದು. ಗಿಟಾರಿನ ತೀರ ಕೆಳಗಿನ ಸ್ವರ 82 ಹರ್ಟ್ಸ್, ಬೇಸಿನದು 41. ಕೆಳಗಿನ ಆ ಅರ್ಧ ಡಬ್ಬಿಯೊಳಗೇ ಉಳಿದುಹೋದರೆ ನಿಮ್ಮ ಆಂಪಿಗೆ ವಿಶ್ರಾಂತಿ. ಎಂಎಕ್ಸ್‌ಆರ್ ಎಂ87ರಂತೆ ಸಾಲು ದೀಪ ಹಚ್ಚಿ, ಎಷ್ಟು ಅಮುಕಿದ್ದೇನೆ ಎಂದು ಒಪ್ಪಿಸುವ ಪೆಡಲ್ಲಿನ ತಂಟೆಗೆ ಹೋಗಬೇಡಿ. ಲೆಕ್ಕ ತೋರಿಸುವ ಕ್ಯಾಶಿಯರ್ ಇದ್ದರೆ ಯಜಮಾನನಿಗೆ ನಿದ್ದೆ ಬರುವುದಿಲ್ಲ. ಬ್ಲೆಂಡ್ ಎಂಬ ಗುಂಡಿ ಕಂಡರೆ ಅದನ್ನೂ ಬಿಡಿ. ಅದು ಅಮುಕಿದ ಸದ್ದಿಗೆ ಅಮುಕದ ಮೂಲ ಸದ್ದನ್ನು ಬೆರೆಸುತ್ತದೆ. ಹಾಲಿಗೆ ಮತ್ತೆ ಹಾಲನ್ನೇ ಬೆರೆಸುವ ಹೋಟೆಲನ್ನು ನಮ್ಮ ಊರಿನವರು ಯಾರೂ ನಡೆಸಿ ಉದ್ಧಾರ ಆದದ್ದಿಲ್ಲ.

ಪಾರ್ಸೆಲ್ ಬಂತೇ? ಎಲ್ಲ ಗುಂಡಿಗಳನ್ನೂ ಬಲಕ್ಕೆ, ಪೂರ್ತಿ ತಿರುಗಿಸಿ. ಪ್ರತಿ ಗುಂಡಿಗೂ ನೀವು ಹಣ ಕೊಟ್ಟಿದ್ದೀರಿ. ಅಟ್ಯಾಕ್ ಮತ್ತು ರಿಲೀಸ್ ಇದ್ದರೆ ಎರಡನ್ನೂ ಅತಿ ವೇಗಕ್ಕೆ ಇಡಿ. ಬೇಸಿನ ಇ ತಂತಿಯ ಒಂದು ಅಲೆ ಎದ್ದು ಮಲಗಲು ಸುಮಾರು 24 ಮಿಲಿಸೆಕೆಂಡ್ ಬೇಕು. ಕಂಪ್ರೆಸರ್ ಅದಕ್ಕಿಂತ ಚುರುಕಾಗಿದ್ದರೆ ಸ್ವರ ಮುಗಿಯುವ ತನಕ ಕಾಯದೆ ಒಂದೊಂದೇ ಅಲೆಯ ತಲೆ ಹಿಡಿದು ಅಮುಕುತ್ತದೆ, ಬಿಡುತ್ತದೆ, ಮತ್ತೆ ಅಮುಕುತ್ತದೆ. ಹರಿದ ಸ್ಪೀಕರಿನಂಥ ಗೊರಗೊರ ಬರುತ್ತದೆ. ಇದನ್ನು 'ಕ್ಯಾರೆಕ್ಟರ್' ಎಂದು ಕರೆಯಿರಿ.

ಅಡಾಪ್ಟರಿಗೆ ಬೇರೆ ದುಡ್ಡು ಹಾಕಬೇಡಿ. ಪೆಡಲ್ಲಿಗೆ 9 ವೋಲ್ಟ್, ಪಿನ್ನಿನ ನಡುವೆ ಮೈನಸ್ ಬೇಕು ಎಂದು ಬರೆದಿರುತ್ತದೆ. ಮನೆಯ ಹಳೆಯ ವೈಫೈ ಡಬ್ಬಿಯದು 12 ವೋಲ್ಟ್, ನಡುವೆ ಪ್ಲಸ್. ಹಾಕಿ ನೋಡಿ. ಸಣ್ಣಗೆ ಸುಟ್ಟ ವಾಸನೆ ಬಂದರೆ ಗ್ಯಾರಂಟಿ ಕಾರ್ಡ್ ಹುಡುಕಿ, ಅಲ್ಲಿ ಇದೇ ತಪ್ಪನ್ನು ಹೆಸರು ಹಿಡಿದು ಬರೆದಿರುವುದನ್ನು ಓದಿ, ಎರಡನೆಯ ಪೆಡಲ್ ತರಿಸಿ.

ಇನ್ನು ಗುಂಯ್‌ಗುಡುವ ಸದ್ದಿನ ವಿಚಾರ. ಇದರಲ್ಲಿ ಭಿವಂಡಿಯವರಿಗೆ ಇರುವ ಅನುಕೂಲ ಬೆಂಗಳೂರಿನವರಿಗೆ ಇಲ್ಲ. ನಿಮ್ಮ ಗೋಡೆಯಾಚೆ ಪವರ್‌ಲೂಮ್ ಶೆಡ್ ಇದೆ ಎಂದುಕೊಳ್ಳಿ. ಇಲ್ಲದಿದ್ದರೆ ಎರಡು ಗೋಡೆಯಾಚೆ ಇರುತ್ತದೆ. ಒಂದೊಂದು ಮಗ್ಗಕ್ಕೂ ಒಂದು ಮೋಟಾರ್, ಲಾಳಿ ಈ ಬದಿಯಿಂದ ಆ ಬದಿಗೆ ಖಟ್, ಆ ಬದಿಯಿಂದ ಈ ಬದಿಗೆ ಖಟ್, ಹಗಲೂ ರಾತ್ರಿ. ಬೇಸಿನ ಎರಡು ಪಿಕಪ್‌ಗಳಲ್ಲಿ ಒಂದನ್ನು ಮಾತ್ರ ತೆರೆಯಿರಿ. ಎರಡನ್ನೂ ಸಮನಾಗಿ ತೆರೆದರೆ ಎಷ್ಟೋ ಬೇಸ್‌ಗಳಲ್ಲಿ ಗುಂಯ್ ಒಂದಕ್ಕೊಂದು ಹೊಡೆದುಹೋಗುತ್ತದೆ, ಪಾಠ ಕೆಡುತ್ತದೆ. ಈಗ ಒಂದು ಸ್ವರ ಮೀಟಿ, ಸುಮ್ಮನೆ ಕಾಯಿರಿ. ಸ್ವರ ಇರುವ ತನಕ ಕಂಪ್ರೆಸರ್ ಎಲ್ಲವನ್ನೂ ಅಮುಕಿ ಹಿಡಿದಿರುತ್ತದೆ. ಸ್ವರ ಸಾಯುತ್ತಿದ್ದಂತೆ ಅದು ಕೈ ಸಡಿಲಿಸುತ್ತದೆ, ಮೇಕಪ್ ಗೇನ್ ಎತ್ತಿ ಹಿಡಿದದ್ದೆಲ್ಲ ಮೇಲೆ ಬರುತ್ತದೆ: ಪಿಕಪ್ ಹಿಡಿದ ಕರೆಂಟಿನ ಗುಂಯ್, ನಿಮ್ಮ ಉಗುರು ತಂತಿಗೆ ತಾಗಿದ್ದು, ಅಂಗಿಯ ಗುಂಡಿ ಬೇಸಿನ ಬೆನ್ನಿಗೆ ಬಡಿದದ್ದು. ನೀವು ನುಡಿಸದೆ ಇದ್ದಾಗಲೇ ಪೆಡಲ್ ಅತ್ಯಂತ ಚೆನ್ನಾಗಿ ಕೇಳುತ್ತದೆ. ಹಣ ಕಿವಿಗೆ ಬಿತ್ತು.

ಈ ಗುಂಯ್‌ಗೆ ಶ್ರುತಿಯೂ ಇದೆ. ನಮ್ಮ ಕರೆಂಟು 50 ಹರ್ಟ್ಸ್. ಇ ತಂತಿಯ ಮೂರನೆಯ ಮನೆಯ ಜಿ ಸ್ವರ 49. ಎಂದರೆ ಇಡೀ ಭಿವಂಡಿ ಜಿ ಸ್ವರದಲ್ಲಿ ಹಾಡುತ್ತಿದೆ, ಮೂರನೇ ಒಂದು ಸೆಮಿಟೋನಿನಷ್ಟು ಮೇಲೆ. ಅದರೊಂದಿಗೆ ಜಗಳ ಬೇಡ. ನಿಮ್ಮ ಬೇಸನ್ನೇ ಅಷ್ಟು ಮೇಲಕ್ಕೆ ಬಿಗಿಯಿರಿ. ಕೀಬೋರ್ಡಿನವನು ತಕರಾರು ತೆಗೆದರೆ, ತಂಬೂರಿಯ ಜೊತೆ ಶ್ರುತಿ ಸೇರಿಸುವುದು ನಮ್ಮ ಸಂಪ್ರದಾಯ ಎಂದು ಹೇಳಿ.

ಹೀಗೆ ಸಿದ್ಧರಾದ ಮೇಲೆ ಡೊಂಬಿವಲಿ, ಕಲ್ಯಾಣ್ ಕಡೆಯ ಯಾವುದಾದರೂ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಒಪ್ಪಿಕೊಳ್ಳಿ. ಸನ್ಮಾನಗಳು ಮುಗಿದು ಆರ್ಕೆಸ್ಟ್ರಾ ಏರುವಾಗ ಒಂಬತ್ತೂವರೆ ಆಗಿರುತ್ತದೆ, ಊಟದ ವಾಸನೆ ಬರುತ್ತಿರುತ್ತದೆ. 1981ರ 'ಗೀತಾ' ಚಿತ್ರದ 'ಜೊತೆಯಲಿ' ಯಾರಾದರೂ ಕೇಳೇ ಕೇಳುತ್ತಾರೆ. ಇಳಯರಾಜ ಬೇಸಿಗೆ ಬೀದಿ ಬಿಟ್ಟುಕೊಟ್ಟ ಹಾಡು. ಸಭೆಯಲ್ಲಿ ಕೂತ ಒಬ್ಬಿಬ್ಬರಾದರೂ ಆ ಓಡಾಟಕ್ಕೇ ಕಾದಿರುತ್ತಾರೆ. ಈಗ ಪೆಡಲ್ ಒತ್ತಿ. ಏರುವ ಸ್ವರ, ಇಳಿಯುವ ಸ್ವರ, ಒತ್ತು, ಸಡಿಲ ಎಲ್ಲ ಒಂದೇ ಎತ್ತರ. ದೋಸೆ ಹಿಟ್ಟನ್ನು ಕಾವಲಿಯ ಮೇಲೆ ಎಳೆದ ಹಾಗೆ. ಮಿಕ್ಸರ್ ಮುಂದೆ ಕೂತ ಹುಡುಗ ತನ್ನ ಡಿಜಿಟಲ್ ಮಿಕ್ಸರಿನಲ್ಲೇ ಇರುವ ಕಂಪ್ರೆಸರನ್ನು ನಿಮ್ಮ ಮೇಲೆ ಮತ್ತೊಮ್ಮೆ ಹಾಕಿರುತ್ತಾನೆ. ಅವನಿಗೆ ನಿಮ್ಮ ಪೆಡಲಿನ ವಿಷಯ ಹೇಳಬೇಡಿ, ಅವನೂ ತನ್ನದನ್ನು ಹೇಳಿಲ್ಲ. ಹಾಡು ಮುಗಿದು ಚಪ್ಪಾಳೆ ತಗ್ಗಿದ ಮೇಲೆ ನಿಧಾನವಾಗಿ ಗುಂಯ್ ಏಳುತ್ತದೆ. ಮುಂದಿನ ಸಾಲಿನ ಹಿರಿಯರೊಬ್ಬರು ಕಾರ್ಯದರ್ಶಿಯ ಕಡೆ ಬಾಗಿ, "ಎಂಥದು ಮಾರಾಯ, ಜನರೇಟರ್ ಹಾಲ್ ಒಳಗೇ ಇಟ್ಟಿದ್ದೀರಾ?" ಎಂದು ಕೇಳುತ್ತಾರೆ. ತಲೆ ಬಾಗಿಸಿ ನಮಸ್ಕರಿಸಿ. ಇಷ್ಟು ವರ್ಷದಲ್ಲಿ ನಿಮ್ಮ ವಾದ್ಯದ ಬಗ್ಗೆ ಸಭೆಯಿಂದ ಬಂದ ಮೊದಲ ಮಾತು ಅದು.

ಮರುದಿನ ಪೆಡಲ್ಲನ್ನು ಮಾರಾಟಕ್ಕೆ ಹಾಕಿ. ಇದಕ್ಕಾಗಿಯೇ ಡಬ್ಬಿ, ಥರ್ಮೋಕೋಲ್, ಬಿಲ್ ಎಲ್ಲ ಇಟ್ಟುಕೊಂಡಿರಬೇಕಿತ್ತು. ಫೋಟೋ ತೆಗೆಯುವ ಮೊದಲು ತಳದ ಕೆಸರನ್ನು ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿ. 'ಮನೆಯಲ್ಲಿ ಮಾತ್ರ ಬಳಸಿದ್ದು' ಎಂದು ಬರೆಯಿರಿ. ಕೊಳ್ಳಲು ಬರುವ ಹುಡುಗನನ್ನು ಮನೆಗೆ ಕರೆಯಬೇಡಿ, ಅಲ್ಲಿ ಆಂಪ್ ಇದೆ. ಸಂಜೆ ಆರೂವರೆಗೆ ಕಲ್ಯಾಣ್ ಸ್ಟೇಷನ್ನಿನ ಮೇಲ್ಸೇತುವೆಗೆ ಬರಹೇಳಿ. ಒಂದು 9 ವೋಲ್ಟ್ ಬ್ಯಾಟರಿ ಹಾಕಿ ತಂದಿರಿ. ಪೆಡಲ್ಲಿಗೆ ಕೇಬಲ್ ಸಿಕ್ಕಿಸಿದ ಹೊರತು ಬ್ಯಾಟರಿ ಹರಿಯುವುದಿಲ್ಲ, ಆದ್ದರಿಂದ ಒಂದು ತುಂಡು ಕೇಬಲ್ಲೂ ಜೇಬಿನಲ್ಲಿರಲಿ. ಜನ ಎರಡೂ ಕಡೆಯಿಂದ ತಳ್ಳುತ್ತಿರುವಾಗ ಪೆಡಲ್ಲನ್ನು ಅವನ ಅಂಗೈಗೆ ಕೊಟ್ಟು, ಒತ್ತಿ ನೋಡು ತಮ್ಮಾ ಎನ್ನಿ. ಅವನು ಹೆಬ್ಬೆರಳಿನಿಂದ ಒತ್ತುತ್ತಾನೆ. ಕೆಂಪು ದೀಪ ಹತ್ತುತ್ತದೆ. ಇನ್ನೊಮ್ಮೆ ಒತ್ತುತ್ತಾನೆ, ಆರುತ್ತದೆ. ದುಡ್ಡು ಎಣಿಸಿಕೊಳ್ಳಿ.